ಹಾಸ್ಟೆಲಿನಲ್ಲಿ ಹಬ್ಬ ಮಾಡಬಹುದೇ?

ಪ್ರಶ್ನೆ: ಓದಲು ಹೊರದೇಶಕ್ಕೆ ಬಂದಿದ್ದೇನೆ. ನಮ್ಮ ಹಬ್ಬಕ್ಕೆ ಇಲ್ಲಿ ರಜೆಯಿಲ್ಲ. ಹಾಸ್ಟೆಲಿನಲ್ಲೇ ದೀಪ ಹಚ್ಚಿ, 20 ಜನರಿಗೆ ಅಡುಗೆ ಮಾಡಬಹುದೇ?

ಉತ್ತರ: ಅಡುಗೆ ಸರಿ, ದೀಪದ ವಿಷಯದಲ್ಲಿ ಮೊದಲು ಹಾಸ್ಟೆಲಿನ ನಿಯಮ ಓದಿ. ಕೋಣೆಯೊಳಗೆ ಮೇಣದಬತ್ತಿ, ಊದುಬತ್ತಿ ಹಚ್ಚಲು ಬಹಳ ಕಡೆ ಬಿಡುವುದಿಲ್ಲ. ಚಾವಣಿಯಲ್ಲಿರುವ ಹೊಗೆ ಅಲಾರಂಗೆ ಬೆಂಕಿಯೇ ಬೇಕೆಂದಿಲ್ಲ. ಗಾಳಿಯಲ್ಲಿನ ಕಣಗಳು ಅದರೊಳಗಿನ ಬೆಳಕನ್ನು ಚದುರಿಸಿದರೆ ಸಾಕು, ಕೂಗಿಕೊಳ್ಳುತ್ತದೆ. ಕಾದ ಎಣ್ಣೆಯ ಹೊಗೆಗೂ ದಟ್ಟ ಹಬೆಗೂ ಅಷ್ಟೇ. ಅಲಾರಂಗೆ ಪ್ಲಾಸ್ಟಿಕ್ ಚೀಲ ಕಟ್ಟುವ ಜಾಣತನ ಮಾತ್ರ ಬೇಡ, ನಿಜವಾದ ಬೆಂಕಿ ಬಿದ್ದಾಗ ಅದು ಮೂಕವಾಗಿರುತ್ತದೆ. ಬ್ಯಾಟರಿಯ ಎಲ್‌ಇಡಿ ದೀಪ ಸಾಕು. ಎಣ್ಣೆ ಕಾಯಿಸುವ ಮೊದಲೇ ಎಕ್ಸಾಸ್ಟ್ ಫ್ಯಾನ್ ಹಾಕಿ, ಕಾರಿಡಾರಿನ ಬಾಗಿಲು ಮುಚ್ಚಿ.

ಅನ್ನ ಮಾಡುವುದಾದರೆ ತಲಾ 75 ಗ್ರಾಂನಂತೆ ಒಂದೂವರೆ ಕಿಲೋ ಅಕ್ಕಿ. ಚಿಕ್ಕ ಒಲೆಯ ಮೇಲೆ ಒಂದೇ ದೊಡ್ಡ ಪಾತ್ರೆ ಇಟ್ಟರೆ ತಳ ಸೀಯುತ್ತದೆ, ಮೇಲಿನದು ಬೇಯುವುದಿಲ್ಲ. ಮೂರು ಸಲವಾಗಿ ಮಾಡಿ. ಉಳಿದದ್ದನ್ನು ಎರಡು ಗಂಟೆಯೊಳಗೆ ಅಗಲ ತಟ್ಟೆಯಲ್ಲಿ ಹರವಿ ಫ್ರಿಜ್‌ಗೆ ಇಡಿ. ಬೇಯಿಸಿದರೂ ಸಾಯದ ಬ್ಯಾಕ್ಟೀರಿಯಾ ಬೀಜಾಣುಗಳು ಹೊರಗಿಟ್ಟ ಅನ್ನದಲ್ಲಿ ಬೆಳೆದು ವಿಷ ಬಿಡುತ್ತವೆ, ಮತ್ತೆ ಬಿಸಿ ಮಾಡಿದರೂ ಆ ವಿಷ ಹೋಗದು. ಅತಿಥಿಗಳಿಗೆ ಯಾವುದರ ಅಲರ್ಜಿ ಇದೆ ಎಂದು ಸಾಮಾನು ತರುವ ಮೊದಲೇ ಕೇಳಿ.

ತರಗತಿ ತಪ್ಪುವುದಾದರೆ ಎರಡು ವಾರ ಮುಂಚೆಯೇ ಪ್ರಾಧ್ಯಾಪಕರಿಗೆ ಇಮೇಲ್ ಬರೆಯಿರಿ. ಚಾಂದ್ರಮಾನದ ಹಬ್ಬವಾದರೆ ದಿನಾಂಕವನ್ನು ನೀವಿರುವ ಊರಿನ ಲೆಕ್ಕದಲ್ಲಿ ನೋಡಿ, ಒಂದು ದಿನ ಹಿಂದುಮುಂದಾಗಬಹುದು. ಬೇಸಿಗೆ ಸಮಯಕ್ಕೆ ಗಡಿಯಾರ ಬದಲಿಸುವ ದೇಶವಾದರೆ ಮನೆಯವರ ವಿಡಿಯೊ ಕರೆಯ ಹೊತ್ತನ್ನೂ ಮತ್ತೆ ಲೆಕ್ಕ ಹಾಕಿ.