ಹಿಮ ಕಾಣದ ಊರಲ್ಲಿ ಓದಿದ ಸತ್ಯವೇದ

ನಿಮ್ಮ ಪ್ರಶ್ನೆ ಇದು: "ಬೈಬಲ್ ಬೇರೆ ದೇಶದ, ಬೇರೆ ಭಾಷೆಯ ಗ್ರಂಥ. ಕನ್ನಡಕ್ಕೆ ತಂದ ಮಾತ್ರಕ್ಕೆ ಅದು ನಮ್ಮದಾಗುತ್ತಾ? ಕ್ರೈಸ್ತರಾದವರು ಕೊಡಗಿನವರಾಗಿಯೇ ಉಳಿಯೋಕೆ ಆಗುತ್ತಾ?" ನಾನು ಕೊಡಗಿನ ಅಮ್ಮತ್ತಿ ಕಡೆಯವನು, ಹುಟ್ಟಿದ್ದು ಕ್ರೈಸ್ತ ಮನೆಯಲ್ಲಿ. ನಮ್ಮ ಮನೆಯಲ್ಲಿ ನಡೆದದ್ದನ್ನೇ ಹೇಳುತ್ತೇನೆ.

ನಮ್ಮಜ್ಜಿಗೆ ಓದು ಬರುತ್ತಿರಲಿಲ್ಲ. ತೋಟದ ಕೆಲಸ ಮುಗಿಸಿ ಬಂದು, ಕೈಕಾಲು ತೊಳೆದು, ಒಲೆ ಮುಂದೆ ಕೂತು "ಓದು ಮಗ" ಅನ್ನುತ್ತಿದ್ದರು. ಒಂದು ಸಂಜೆ ಬೈಬಲಿನಲ್ಲಿ ಪ್ರವಾದಿ ಯೆಶಾಯನ ಪುಸ್ತಕದ ಮೊದಲ ಅಧ್ಯಾಯ ಬಂತು. ಪಾಪ ಎಷ್ಟೇ ಕೆಂಪಾಗಿದ್ದರೂ ಹಿಮದ ಹಾಗೆ ಬೆಳ್ಳಗಾಗುತ್ತದೆ ಎನ್ನುವ ಮಾತು. ಅಜ್ಜಿ ತಡೆದರು. "ಹಿಮ ಅಂದ್ರೆ ಏನು, ಮಂಜಾ?" ನಾನು ಹೂಂ ಅಂದೆ. "ಮಂಜು ಎಲ್ಲಿ ಬೆಳ್ಳಗಿರುತ್ತೆ? ಬೂದಿ ಬಣ್ಣ ಅಲ್ವಾ?" ಮಳೆಗಾಲ ಪೂರ್ತಿ ಮಂಜಿನೊಳಗೇ ಕೆಲಸ ಮಾಡಿದವರ ಮಾತು ಅದು. ನನಗೆ ಉತ್ತರ ಹೊಳೆಯಲಿಲ್ಲ.

ಮಾರ್ಚಿನಲ್ಲಿ ಹೂಮಳೆ ಬಿತ್ತು. ಎಂಟು ಹತ್ತು ದಿನಕ್ಕೆ ರೋಬಸ್ಟಾ ಕಾಫಿ ಗಿಡಗಳೆಲ್ಲ ಒಟ್ಟಿಗೇ ಅರಳಿದವು. ಬೆಳಿಗ್ಗೆ ಬಾಗಿಲು ತೆಗೆದರೆ ಎಲೆ ಕಾಣಲ್ಲ, ರೆಂಬೆ ಕಾಣಲ್ಲ, ಬರೀ ಬಿಳಿ. ಮನೆ ಒಳಗೆಲ್ಲ ಘಮ. ಅಜ್ಜಿ ಜಗಲಿಯಲ್ಲಿ ನಿಂತು ತುಂಬಾ ಹೊತ್ತು ನೋಡಿದರು. "ಅವತ್ತು ಓದಿದ್ಯಲ್ಲ, ಅದು ಹೀಗೇ ಇರಬೇಕು" ಅಂದರು.

ಬೈಬಲನ್ನು ಕನ್ನಡಕ್ಕೆ ತರುವ ದೊಡ್ಡ ಕೆಲಸ ನಡೆದದ್ದು ಬಳ್ಳಾರಿಯಲ್ಲಿ. ಲಂಡನ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದರು. ಇಡೀ ಬೈಬಲ್ ಕನ್ನಡದಲ್ಲಿ ಆಗುವ ಹೊತ್ತಿಗೆ ಇಪ್ಪತ್ತು ವರ್ಷ ಕಳೆದಿತ್ತು. ಆಮೇಲೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮಿಷನ್ನಿನವರೂ ಸೇರಿ ಅದನ್ನು ಮತ್ತೆ ತಿದ್ದಿದರು. ಅವರು ಆರಿಸಿದ ಪದಗಳನ್ನು ಗಮನಿಸಿ. ಗ್ರಂಥಕ್ಕೆ ಸತ್ಯವೇದ ಅಂತ ಹೆಸರಿಟ್ಟರು. ವೇದ ಅನ್ನುವುದು ಇಲ್ಲಿಯದೇ ಮಾತು. ಯೇಸು ಕಲಿಸಿದ ಪ್ರಾರ್ಥನೆಯ ಮೂಲದಲ್ಲಿ ಇರುವುದು ರೊಟ್ಟಿ. ನಾವು ಹೇಳುವುದು "ನಮ್ಮ ಅನುದಿನದ ಆಹಾರ". ಅನ್ನ ಉಣ್ಣುವ ಊರಿನವರ ಬಾಯಿಗೂ ಅದು ಹೊಂದುತ್ತದೆ. ಯೋಸೇಫನ ಕನಸಿನಲ್ಲಿ ಎದ್ದು ನಿಲ್ಲುವುದು "ಸಿವುಡು", ಅಂದರೆ ಕೊಯ್ದ ತೆನೆಯ ಕಟ್ಟು. ಗದ್ದೆ ಕುಯಿಲು ಕಂಡವರಿಗೆ ಆ ಪದ ಬಿಡಿಸಿ ಹೇಳಬೇಕಿಲ್ಲ.

ಯೇಸು ಆಡಿದ್ದು ಅರಾಮಿಕ್ ಮಾತು, ಸುವಾರ್ತೆಗಳನ್ನು ಬರೆದಿದ್ದು ಗ್ರೀಕಿನಲ್ಲಿ. ಅಂದರೆ ನಮ್ಮ ಕೈಗೆ ಬರುವ ಮೊದಲೇ ಅದು ಅನುವಾದ. ಮಾರ್ಕನ 5ನೇ ಅಧ್ಯಾಯದಲ್ಲಿ ಸತ್ತ ಹುಡುಗಿಯ ಕೈ ಹಿಡಿದು ಯೇಸು "ತಲಿಥಾ ಕೂಮ್" ಅನ್ನುತ್ತಾನೆ. ಮಾರ್ಕನು ಅಲ್ಲೇ ಅರ್ಥವನ್ನೂ ಹೇಳುತ್ತಾನೆ. ನಮ್ಮ ಹಳೆಯ ಕನ್ನಡ ಬೈಬಲಿನಲ್ಲಿ ಅದು "ಅಮ್ಮಣ್ಣೀ, ಏಳು" ಅನ್ನುವ ಧಾಟಿಯಲ್ಲಿದೆ. ಅಮ್ಮಣ್ಣೀ! ನಮ್ಮಜ್ಜಿ ನನ್ನ ತಂಗಿಯನ್ನು ಎಬ್ಬಿಸುತ್ತಿದ್ದದ್ದೂ ಹಾಗೇ. ಆ ಒಂದು ಪದ ಓದಿದಾಗಲೆಲ್ಲ ನನ್ನ ಗಂಟಲು ಕಟ್ಟುತ್ತದೆ. ಅದನ್ನು ಹೊರಗಿನದು ಅಂತ ಹೇಗೆ ಹೇಳಲಿ?

ಆದರೆ ಕೊಡಗಿನಲ್ಲಿ ಒಂದು ಕೊರತೆಯೂ ಇದೆ. ಕನ್ನಡ ಇಲ್ಲಿ ಎಲ್ಲರ ಮನೆಮಾತಲ್ಲ. ಕೊಡವ ತಕ್ಕ್, ಅರೆಭಾಷೆ, ಮಲಯಾಳಂ, ತುಳು, ಕೊಂಕಣಿ, ಆದಿವಾಸಿ ಯರವರ ಮಾತು, ಎಲ್ಲವೂ ಇವೆ. 2011ರ ಜನಗಣತಿಯಲ್ಲಿ ಕೊಡವ ತಕ್ಕನ್ನು ತಾಯ್ನುಡಿ ಅಂದವರು ಸುಮಾರು 1.13 ಲಕ್ಷ. ಯರವ ಹೆಂಗಸೊಬ್ಬಳು ನಮ್ಮ ಆರಾಧನೆಯಲ್ಲಿ ಕೂತು "ನೀತಿವಂತ", "ಪ್ರಾಯಶ್ಚಿತ್ತ" ಕೇಳಿದರೆ ಎಷ್ಟು ಮುಟ್ಟುತ್ತದೆ? ಕನ್ನಡಕ್ಕೆ ಬಂತು ಅಂತ ನಾವು ನೆಮ್ಮದಿಯಾಗಿ ಇರುವಂತಿಲ್ಲ.

ಇನ್ನು ಸಂಸ್ಕೃತಿಯ ವಿಷಯ. 1850ರ ದಶಕದಲ್ಲಿ ಕೊಡಗಿಗೆ ಬಂದ ಜರ್ಮನ್ ಮಿಷನರಿ ಹರ್ಮನ್ ಮೋಗ್ಲಿಂಗ್ ಅವರ ಕಾಲದಲ್ಲೇ ಅಮ್ಮತ್ತಿ ಹತ್ತಿರ ಆನಂದಪುರ ಎಂಬ ಕ್ರೈಸ್ತರ ಊರು ಎದ್ದಿತು. ಅಲ್ಲಿ ನೆಲೆ ಸಿಕ್ಕಿದ್ದು ಹೆಚ್ಚಾಗಿ ದುಡಿಯುವ ಜನಕ್ಕೆ. ಇದೇ ಮೋಗ್ಲಿಂಗ್ ಅದಕ್ಕೆ ಮೊದಲು ಮಂಗಳೂರಿನಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದ್ದರು. ಇಲ್ಲಿನದನ್ನೆಲ್ಲ ಬಿಟ್ಟುಬಿಡಿ ಅನ್ನುವವರು ಇದನ್ನು ನೆನೆಯಬೇಕು. ಬೈಬಲಿನ ಅಪೊಸ್ತಲರ ಕೃತ್ಯಗಳ 15ನೇ ಅಧ್ಯಾಯವನ್ನೂ ಓದಬೇಕು. ಬೇರೆ ಜನಾಂಗದವರು ಕ್ರಿಸ್ತನನ್ನು ನಂಬಲು ಮೊದಲು ಯೆಹೂದ್ಯರಾಗಬೇಕಿಲ್ಲ ಅಂತ ತೀರ್ಮಾನವಾದದ್ದು ಅಲ್ಲಿ.

ಕೊಡಗಿನ ಸುಗ್ಗಿ ಹಬ್ಬ ಹುತ್ತರಿ ಬಂದಾಗ ನಮ್ಮ ಪಕ್ಕದ ಕೊಡವ ಮನೆಯವರು ರಾತ್ರಿ ಗದ್ದೆಗೆ ಹೋಗಿ ಕದಿರು ಕೊಯ್ಯುತ್ತಾರೆ. "ಪೊಲಿ ಪೊಲಿ ದೇವಾ" ಕೂಗು ನಮ್ಮ ಮನೆ ತನಕ ಕೇಳುತ್ತದೆ. ಪೂಜೆಯಲ್ಲಿ ನಾವು ಸೇರುವುದಿಲ್ಲ, ಅದು ಅವರಿಗೂ ಗೊತ್ತು. ಗದ್ದೆ ಬದುವಿನಲ್ಲಿ ನಿಲ್ಲುತ್ತೇವೆ, ಅವರ ಮನೆಯ ತಂಬಿಟ್ಟು ತಿನ್ನುತ್ತೇವೆ. ಬರುವಾಗ ಒಂದು ಹಿಡಿ ತೆನೆ ಕೊಟ್ಟು ಕಳಿಸುತ್ತಾರೆ. ಅಪ್ಪ ಅದನ್ನು ಬಾಗಿಲ ಮೇಲೆ ಕಟ್ಟುತ್ತಿದ್ದರು. ಒಮ್ಮೆ ಹೊರಗಿನಿಂದ ಬಂದ ಬೋಧಕರೊಬ್ಬರು ಅದನ್ನು ನೋಡಿ, ಇದು ವಿಗ್ರಹಾರಾಧನೆ, ತೆಗೆಯಿರಿ ಅಂದರು. ಅಪ್ಪ ಎದುರಾಡಲಿಲ್ಲ, ತೆಗೆದರು. ಅವತ್ತು ರಾತ್ರಿ ಊಟ ಸೇರಲಿಲ್ಲ ಅವರಿಗೆ. ಆ ಬೋಧಕರು ಹೇಳಿದ್ದು ತಪ್ಪು ಅಂತ ನಾನು ಇವತ್ತಿಗೂ ನಂಬುತ್ತೇನೆ. ಪಕ್ಕದ ಮನೆಯವರು ಪ್ರೀತಿಯಿಂದ ಕೊಟ್ಟ ತೆನೆ, ನಮ್ಮ ದೇವರೇ ಬೆಳೆಸಿದ ತೆನೆ.

ಎರಡು ದಿನ ಬಿಟ್ಟು ಅಪ್ಪ ಬೈಬಲಿನ ಧರ್ಮೋಪದೇಶಕಾಂಡದ 26ನೇ ಅಧ್ಯಾಯ ತೆಗೆದು ನನ್ನ ಕೈಗೆ ಕೊಟ್ಟರು. ಹೊಲದ ಮೊದಲ ಫಲವನ್ನು ಬುಟ್ಟಿಯಲ್ಲಿಟ್ಟು ದೇವರ ಮುಂದೆ ತರಬೇಕು ಅನ್ನುವ ಭಾಗ. "ಜೋರಾಗಿ ಓದು" ಅಂದರು. ನಾನು ಓದುತ್ತಾ ಇದ್ದೆ. ಅವರು ಸ್ಟೂಲ್ ಹತ್ತಿ ಅದೇ ತೆನೆಯನ್ನು ಮತ್ತೆ ಬಾಗಿಲಿಗೆ ಕಟ್ಟಿದರು.