ಬಾಸೆಲ್‌ನಲ್ಲಿ ಹಿಮ ಇಲ್ಲ, ಸರಿ. ಮತ್ತೇನಿದೆ?

ನಾನಿರುವುದು ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ ಎಂದು ಹೋದ ಸಂಚಿಕೆಯಲ್ಲಿ ಮಾತಿನ ನಡುವೆ ಬರೆದಿದ್ದೆ. ಅಷ್ಟಕ್ಕೇ ಇಷ್ಟು ಪತ್ರ ಬರುತ್ತವೆ ಎಂದುಕೊಂಡಿರಲಿಲ್ಲ. ಪುತ್ತೂರಿನ ಹುಡುಗಿಯೊಬ್ಬಳು ಲ್ಯಾಬ್ ಕೆಲಸಕ್ಕೆಂದು ಬಂದು ಇಲ್ಲೇ ತಲೆ ನರೆಸಿಕೊಂಡ ಕತೆ ಯಾರಿಗೂ ಬೇಡ, ಎಲ್ಲರಿಗೂ ಊರಿನ ಸಮಾಚಾರವೇ ಬೇಕು. ಒಳ್ಳೆಯದೇ ಆಯಿತು. ಈ ಸಲ ಪೂರ್ತಿ ಅದೇ.

ಮಗ ಜ್ಯೂರಿಕ್‌ನಲ್ಲಿದ್ದಾನೆ. ಮೇ ತಿಂಗಳಲ್ಲಿ ನಾವಿಬ್ಬರೂ ಹೋಗುತ್ತಿದ್ದೇವೆ. ಟೂರ್‌ನವರ ಪಟ್ಟಿಯಲ್ಲಿ ಯೂಂಗ್‌ಫ್ರೌ, ಟಿಟ್ಲಿಸ್, ಲೂಸರ್ನ್ ಎಲ್ಲ ಇದೆ, ಬಾಸೆಲ್ ಇಲ್ಲ. ಅಲ್ಲಿ ನೋಡುವಂಥದ್ದು ಏನಾದರೂ ಇದೆಯೇ? ನಾನು ಗಣಿತದ ಮೇಷ್ಟ್ರಾಗಿ ನಿವೃತ್ತನಾದವನು.
— ಓದುಗರು, ಹಾಸನ

ಮೇಷ್ಟ್ರೇ, ಹಿಮ ನೋಡಿ ಬನ್ನಿ, ಬೇಡ ಅನ್ನುವುದಿಲ್ಲ. ಆದರೆ ಒಂದು ದಿನ ಉಳಿಸಿ ಇಲ್ಲಿಗೆ ಬನ್ನಿ. ಜ್ಯೂರಿಕ್‌ನಿಂದ ರೈಲಿನಲ್ಲಿ ಒಂದು ಗಂಟೆ, ಅಷ್ಟೇ. ಇಲ್ಲಿರುವುದು ರೈನ್ ನದಿ. ಪೂರ್ವದಿಂದ ಬಂದು ಊರಿನ ಮಧ್ಯದಲ್ಲೇ ಉತ್ತರಕ್ಕೆ ತಿರುಗುತ್ತದೆ. ಎತ್ತರದ ದಡದಲ್ಲಿ ಹಳೆಯ ಊರು, ತಗ್ಗಿನ ದಡದಲ್ಲಿ ಚಿಕ್ಕ ಬಾಸೆಲ್.

ಮೊದಲು ಮ್ಯೂನ್‌ಸ್ಟರ್‌ಗೆ ಹೋಗಿ. ಕೆಂಪು ಮರಳುಗಲ್ಲಿನ ದೊಡ್ಡ ಚರ್ಚು ಅದು. 1019ರಲ್ಲಿ ಪ್ರತಿಷ್ಠೆಯಾದದ್ದು. 1356ರ ಅಕ್ಟೋಬರ್ 18ರ ಭೂಕಂಪದಲ್ಲಿ ಬಹಳಷ್ಟು ಹಾಳಾಗಿ ಮತ್ತೆ ಕಟ್ಟಿದರು. ಒಳಗೆ ಹೋಗುವ ಮುಂಚೆ ಕಟ್ಟಡದ ಹಿಂದಕ್ಕೆ ಬನ್ನಿ. ಅಲ್ಲಿ ನದಿಯ ಕಡೆಗೆ ಫಾಲ್ಟ್ಸ್ ಎಂಬ ದೊಡ್ಡ ಕಟ್ಟೆ ಇದೆ. ಎಲ್ಲರೂ ನದಿಯ ಫೋಟೋ ತೆಗೆಯುತ್ತಿರುತ್ತಾರೆ. ನೀವು ನದಿಗೆ ಬೆನ್ನು ಹಾಕಿ ತಲೆ ಎತ್ತಿ. ಕಿಟಕಿಯ ಕಂಬಗಳನ್ನು ಹೊತ್ತು ನಿಂತಿರುವುದು ಆನೆಗಳು! ಹಳೇಬೀಡಿನ ಆನೆಸಾಲು ನೋಡಿದ ಹಾಸನದವರಿಗೆ ನಗು ಬಾರದೆ ಇರದು. ಕೆತ್ತಿದವನು ಆನೆಯನ್ನು ಕಂಡವನಲ್ಲ, ಬರೀ ಕೇಳಿದವನು ಎಂದು ನನ್ನ ಗುಮಾನಿ. ಪಾಪ, ಸೊಂಡಿಲು ಮರೆತಿಲ್ಲ.

ಈಗ ನಿಮ್ಮ ಗಣಿತ. ಚರ್ಚಿನ ಪಕ್ಕದ ಕಂಬಸಾಲಿನ ಅಂಗಳದಲ್ಲಿ ಗಣಿತಜ್ಞ ಯಾಕೋಬ್ ಬರ್ನೂಲಿಯ ಸ್ಮಾರಕ ಫಲಕವಿದೆ. 1705ರಲ್ಲಿ ತೀರಿಕೊಂಡವರು. ಲಾಗರಿದಮ್ ಸುರುಳಿ ಅಂದರೆ ಅವರಿಗೆ ಪ್ರಾಣ. ತನ್ನ ಸಮಾಧಿಗೂ ಅದನ್ನೇ ಕೆತ್ತಬೇಕೆಂದು ಆಸೆಪಟ್ಟಿದ್ದರು. ಕಲ್ಲುಕುಟಿಗ ಕೆತ್ತಿದ್ದು ಆರ್ಕಿಮಿಡೀಸ್ ಸುರುಳಿ. ಸುತ್ತಿನಿಂದ ಸುತ್ತಿಗೆ ಅಂತರ ಬೆಳೆಯುತ್ತಾ ಹೋಗಬೇಕಿತ್ತು, ಅದು ಒಂದೇ ಸಮ ಇದೆ! ಮುನ್ನೂರು ವರ್ಷದಿಂದ ಯಾರೂ ತಿದ್ದಿಲ್ಲ. ನಿಮ್ಮ ಕೆಂಪು ಪೆನ್ನು ಜೇಬಿನಲ್ಲೇ ಇರಲಿ. ಲಿಯೊನಾರ್ಡ್ ಆಯ್ಲರ್ ಹುಟ್ಟಿದ್ದೂ ಇದೇ ಊರಿನಲ್ಲಿ, 1707ರಲ್ಲಿ. ಆಯ್ಲರ್‌ಗೆ ಪಾಠ ಹೇಳಿದವರು ಯಾಕೋಬರ ತಮ್ಮ ಯೋಹಾನ್.

ಕಟ್ಟೆಯಿಂದ ಮೆಟ್ಟಿಲಿಳಿದರೆ ಕಡವು. ಮನೆಯವರನ್ನೂ ಕರೆದುಕೊಂಡು ದೋಣಿ ಹತ್ತಿ. ಎಂಜಿನ್ ಇಲ್ಲ, ಹುಟ್ಟೂ ಇಲ್ಲ. ಹೊಳೆಗೆ ಅಡ್ಡವಾಗಿ ಎಳೆದ ಉಕ್ಕಿನ ಹಗ್ಗಕ್ಕೆ ದೋಣಿಯನ್ನು ಕಟ್ಟಿರುತ್ತಾರೆ. ಅಂಬಿಗ ಅದನ್ನು ಸ್ವಲ್ಪ ಓರೆ ಮಾಡುತ್ತಾನೆ, ನೀರಿನ ಸೆಳೆತವೇ ಆಚೆ ದಡಕ್ಕೆ ಒಯ್ಯುತ್ತದೆ. ಇಂಥ ನಾಲ್ಕು ದೋಣಿಗಳಿವೆ. ಎರಡು ಫ್ರಾಂಕಿನ ಆಸುಪಾಸು ಕೊಟ್ಟರೆ ಆಯಿತು. ವಾಪಸು ಬರುವಾಗ ನಡುಸೇತುವೆಯ ಮೇಲೆ ನಡೆದು ಬನ್ನಿ. ಈಗಿನದು 1905ರದ್ದು, ಆದರೆ ಅಲ್ಲಿ ಮೊದಲ ಸೇತುವೆ ಕಟ್ಟಿದ್ದು 1226ರ ಹೊತ್ತಿಗೆ. ಆ ಕಾಲದಲ್ಲಿ ರೈನ್ ದಾಟಲು ಸೇತುವೆಗಳೇ ಕಮ್ಮಿ. ವ್ಯಾಪಾರದ ಗಾಡಿಗಳೆಲ್ಲ ಇಲ್ಲಿಗೇ ಬರಬೇಕು, ಸುಂಕ ಕಟ್ಟಬೇಕು. ಊರು ಸಾಹುಕಾರನಾದದ್ದು ಹಾಗೆ.

ಬಾಸೆಲ್ ಅಂದ್ರೆ ಆರ್ಟ್ ಬಾಸೆಲ್ ಅಂತ ಗೊತ್ತು. ಆ ಮೇಳಕ್ಕೇ ಬರಬೇಕಾ? ನಾನು ಚಿತ್ರಕಲೆ ವಿದ್ಯಾರ್ಥಿ, ಸ್ಕಾಲರ್‌ಶಿಪ್ ಮೇಲೆ ಜರ್ಮನಿಗೆ ಬರ್ತಿದೀನಿ. ದುಡ್ಡು ಕಮ್ಮಿ, ಮೇಡಂ.
— ವಿದ್ಯಾರ್ಥಿ, ದಾವಣಗೆರೆ

ಬೇಡಪ್ಪಾ. ಆರ್ಟ್ ಬಾಸೆಲ್ ಎಂಬುದು ಜೂನ್‌ನಲ್ಲಿ ನಡೆಯುವ ಸಂತೆ. 1970ರಲ್ಲಿ ಇಲ್ಲಿನ ಗ್ಯಾಲರಿಯವರು ಸೇರಿ ಶುರು ಮಾಡಿದ್ದು. ಕೊಳ್ಳುವವರಿಗೂ ಮಾರುವವರಿಗೂ ಅದು ಹಬ್ಬ. ಆ ವಾರ ಹೋಟೆಲ್ ಬಾಡಿಗೆ ಕೇಳಿದರೆ ನೀನು ರೈಲ್ವೆ ಸ್ಟೇಷನ್ನಿನಲ್ಲೇ ಮಲಗಬೇಕಾಗುತ್ತದೆ. ಬೇರೆ ಯಾವಾಗಲಾದರೂ ಬಾ. ಊರಿನ ನಿಜವಾದ ಆಸ್ತಿ ಇರುವುದು ಕುನ್ಸ್ಟ್‌ಮ್ಯೂಸಿಯಂನಲ್ಲಿ. ಸೋಮವಾರ ಮುಚ್ಚಿರುತ್ತದೆ, ನೆನಪಿಟ್ಟುಕೋ.

ಅದರ ಕತೆ 1661ರಿಂದ ಶುರು. ಅಮರ್‌ಬಾಖ್ ಎಂಬ ಮನೆತನದ ಚಿತ್ರಸಂಗ್ರಹ ಹೊರಗಿನವರ ಪಾಲಾಗುವ ಹಾಗಿತ್ತು. ಊರೂ ವಿಶ್ವವಿದ್ಯಾಲಯವೂ ಸೇರಿ ಅದನ್ನು ಕೊಂಡವು. ಆಮೇಲೆ ಜನರ ನೋಟಕ್ಕೆ ತೆರೆದವು. ರಾಜನದಲ್ಲ, ಬಿಷಪ್‌ನದೂ ಅಲ್ಲ, ಊರಿನದು. ಅಲ್ಲಿ ಕಿರಿಯ ಹಾನ್ಸ್ ಹೋಲ್ಬೈನ್ 1521-22ರಲ್ಲಿ ಬರೆದ ಸತ್ತ ಕ್ರಿಸ್ತನ ಚಿತ್ರವಿದೆ. ಎರಡು ಮೀಟರ್ ಉದ್ದ, ಎತ್ತರ ಒಂದೇ ಅಡಿ. ಮಹಿಮೆಯಿಲ್ಲ, ಪ್ರಭೆಯಿಲ್ಲ. ಹಸಿರುಗಟ್ಟಿದ ಕೈ, ತೆರೆದ ಬಾಯಿ. ಅದರ ಮುಂದೆ ಸ್ವಲ್ಪ ಹೊತ್ತು ನಿಲ್ಲು.

ಇನ್ನು ಪಿಕಾಸೊ. ಇದನ್ನು ಉದ್ದಕ್ಕೇ ಹೇಳುತ್ತೇನೆ, ಯಾಕೆಂದರೆ ಚಿತ್ರ ಕಲಿಯುವವರಿಗೆ ಇದು ಗೊತ್ತಿರಬೇಕು. 1967ರ ಏಪ್ರಿಲ್‌ನಲ್ಲಿ ಬ್ಯಾಂಕಾಕ್‌ನಿಂದ ಹೊರಟು ಮುಂಬಯಿ ಮಾರ್ಗವಾಗಿ ಬಾಸೆಲ್‌ಗೆ ಬರುತ್ತಿದ್ದ ಚಾರ್ಟರ್ ವಿಮಾನ ಸೈಪ್ರಸ್‌ನ ನಿಕೋಸಿಯಾ ಹತ್ತಿರ ಬಿದ್ದು 126 ಜನ ಸತ್ತರು. ವಿಮಾನ ಕಂಪನಿ ಮುಳುಗಿತು. ಅದರ ದೊಡ್ಡ ಪಾಲುದಾರ ಸ್ಟೇಖೆಲಿನ್ ಮನೆತನದವರು. ಆ ಮನೆತನದ ಚಿತ್ರಗಳು ಮ್ಯೂಸಿಯಂನಲ್ಲಿ ಎರವಲಾಗಿ ನೇತಾಡುತ್ತಿದ್ದವು. ಅವುಗಳಲ್ಲಿ ಪಿಕಾಸೊನ ಎರಡು: 1906ರ ‘ಇಬ್ಬರು ಸೋದರರು’, 1923ರ ‘ಕುಳಿತ ಹಾರ್ಲೆಕ್ವಿನ್’. ಸಾಲ ತೀರಿಸಲು ಅವನ್ನು ಮಾರಬೇಕಾಗಿ ಬಂತು. ಎರಡಕ್ಕೂ ಸೇರಿ ಬೆಲೆ 84 ಲಕ್ಷ ಫ್ರಾಂಕ್.

ಸರ್ಕಾರ 60 ಲಕ್ಷ ಕೊಡುತ್ತೇವೆ ಎಂದಿತು. ಉಳಿದದ್ದನ್ನು ಜನ ಎತ್ತಬೇಕು. ಬೀದಿಯಲ್ಲಿ ‘ಭಿಕ್ಷುಕರ ಹಬ್ಬ’ವನ್ನೇ ಮಾಡಿ ಎತ್ತಿದರು! ಅಷ್ಟರಲ್ಲಿ ಕೆಲವರು ಅಡ್ಡ ನಿಂತರು. ತೆರಿಗೆ ದುಡ್ಡಲ್ಲಿ ಪಟ ಯಾಕೆ, ಊರಲ್ಲಿ ಬೇರೆ ಕೆಲಸ ಇಲ್ವಾ ಎಂದರು. ಕೊನೆಗೆ ಡಿಸೆಂಬರ್ 17ರಂದು ಮತದಾನ. ಪರವಾಗಿ 32,118, ವಿರುದ್ಧ 27,190. ಚಿತ್ರ ಕೊಳ್ಳಬೇಕೋ ಬೇಡವೋ ಎಂದು ಊರೇ ಮತಪೆಟ್ಟಿಗೆ ಮುಂದೆ ಸಾಲು ನಿಂತಿತ್ತು. ಆ ಸಾಲಿನಲ್ಲಿ ಹೆಂಗಸರೂ ಇದ್ದರು. ಬಾಸೆಲ್ ನಗರದ ಹೆಂಗಸರಿಗೆ ಸ್ಥಳೀಯ ಮತದ ಹಕ್ಕು ಸಿಕ್ಕಿದ್ದೇ ಹಿಂದಿನ ವರ್ಷ, 1966ರಲ್ಲಿ. ದೇಶದ ಮಟ್ಟದಲ್ಲಿ ಅವರು 1971ರವರೆಗೆ ಕಾಯಬೇಕಾಯಿತು. ಸ್ವಿಟ್ಜರ್ಲೆಂಡ್ ಎಲ್ಲದರಲ್ಲೂ ಮುಂದೆ ಎಂದುಕೊಳ್ಳುವವರಿಗೆ ನಾನು ಇದನ್ನು ಹೇಳದೆ ಬಿಡುವುದಿಲ್ಲ.

ಸುದ್ದಿ ಕೇಳಿ ಪಿಕಾಸೊಗೆ ಮನಸ್ಸು ಕರಗಿತು. ಮ್ಯೂಸಿಯಂ ನಿರ್ದೇಶಕ ಫ್ರಾನ್ಸ್ ಮೇಯರ್ ಅವರನ್ನು ಕರೆಸಿ, ಇನ್ನೂ ನಾಲ್ಕು ಕೃತಿಗಳನ್ನು ಊರಿಗೆ ಸುಮ್ನೆ ಕೊಟ್ಟುಬಿಟ್ಟರು. ನನ್ನ ಲ್ಯಾಬಿನಲ್ಲಿದ್ದ ಹಿರಿಯರೊಬ್ಬರು ಅವತ್ತು ವಿರುದ್ಧ ವೋಟು ಹಾಕಿದವರು. ಇವತ್ತಿಗೂ ಅದೇ ಸರಿ ಎನ್ನುತ್ತಾರೆ. ಆದರೆ ಮನೆಗೆ ನೆಂಟರು ಬಂದರೆ ಮೊದಲು ಕರೆದೊಯ್ಯುವುದು ಆ ಎರಡು ಚಿತ್ರಗಳ ಮುಂದಕ್ಕೇ, ‘ನೋಡಿ, ನಮ್ಮದು’ ಎಂದು.

ಸಮಯವಿದ್ದರೆ 6ನೇ ನಂಬರಿನ ಟ್ರಾಮ್ ಹತ್ತಿ ರೀಹೆನ್‌ಗೆ ಹೋಗು. ಅಲ್ಲಿ ಬೇಯೆಲರ್ ಫೌಂಡೇಶನ್ನಿನ ಮ್ಯೂಸಿಯಂ, ರೆಂಜೊ ಪಿಯಾನೊ ಕಟ್ಟಿದ್ದು, 1997ರದ್ದು. ಚಿತ್ರಕಾರ ಮೊನೆ ಬರೆದ ನೈದಿಲೆಗಳು ಅಲ್ಲಿವೆ, ಹೊರಗೊಂದು ಕೊಳವೂ ಇದೆ. ದುಡ್ಡೇ ಇಲ್ಲವೆಂದರೆ ಥಿಯೇಟರ್ ಪಕ್ಕದಲ್ಲಿ ಶಿಲ್ಪಿ ಟಿಂಗೆಲಿಯ ಕಾರಂಜಿ ನೋಡು. ಹಳೆಯ ರಂಗಮಂದಿರದ ಗುಜರಿ ಯಂತ್ರಗಳನ್ನು 1977ರಲ್ಲಿ ನೀರಿನಲ್ಲಿ ನಿಲ್ಲಿಸಿದ್ದಾರೆ. ಅವು ನೀರು ಮೊಗೆಯುತ್ತವೆ, ಉಗುಳುತ್ತವೆ. ಮಕ್ಕಳು ಅಲ್ಲಿಂದ ಏಳುವುದೇ ಇಲ್ಲ.

ನಮ್ಮಜ್ಜ ಹಂಚಿನ ಕಾರ್ಖಾನೆಯಲ್ಲಿ ಕೆಲಸಕ್ಕಿದ್ದರು. ಬಾಸೆಲ್ ಮಿಷನ್ ಎಂಬ ಹೆಸರು ಕೇಳಿಯೇ ಬೆಳೆದವಳು ನಾನು. ಆ ಮಿಷನ್ ಈಗಲೂ ಅಲ್ಲಿ ಇದೆಯಾ ಅಕ್ಕಾ? ಆ ಊರಿನವರಿಗೆ ಮಂಗಳೂರು ಗೊತ್ತುಂಟಾ?
— ಓದುಗರು, ಮಂಗಳೂರು

ಉಂಟು ಮಾರಾಯ್ತಿ! ಸ್ಪಾಲೆನ್‌ಟೋರ್ ಎಂಬ ಹಳೆಯ ಕೋಟೆ ಬಾಗಿಲಿನ ಹತ್ತಿರ, ಮಿಷನ್ ರಸ್ತೆ, 21ನೇ ನಂಬರು. ಸಂಸ್ಥೆಗೆ ಈಗ ‘ಮಿಷನ್ 21’ ಎಂದು ಹೆಸರು. ಶುರುವಾದದ್ದು 1815ರಲ್ಲಿ, ಮಂಗಳೂರಿಗೆ ಬಂದದ್ದು 1834ರಲ್ಲಿ. ಮೇಗ್ಲಿಂಗ್ 1843ರಲ್ಲಿ ‘ಮಂಗಳೂರ ಸಮಾಚಾರ’ ತಂದದ್ದು, ಕಿಟೆಲ್ ನಿಘಂಟು 1894ರಲ್ಲಿ ಅಚ್ಚಾದದ್ದು ಶಾಲೆಯಲ್ಲೇ ಓದಿರುತ್ತೀ. ಕಿಟೆಲ್ ಇಂಡಿಯಾಕ್ಕೆ ಹೊರಡುವ ಮುಂಚೆ ತರಬೇತಿ ಪಡೆದದ್ದು ಇದೇ ಬಾಸೆಲ್‌ನಲ್ಲಿ.

ನಿನ್ನಜ್ಜನ ಹಂಚಿನ ಕಡೆಯ ಕತೆ ಸ್ವಲ್ಪ ಬೇರೆ. ಮಿಷನ್ನಿನ ಹಿಂದೆ ಇಲ್ಲಿನ ಸಾಹುಕಾರ ಮನೆತನಗಳಿದ್ದವು. ಆಗ ಬಾಸೆಲ್‌ನ ದೊಡ್ಡ ಉದ್ಯಮ ರೇಷ್ಮೆ ರಿಬ್ಬನ್. ರಿಬ್ಬನ್‌ಗೆ ಬಣ್ಣ ಬೇಕು. ಬಣ್ಣದಿಂದ ರಾಸಾಯನಿಕ, ಅಲ್ಲಿಂದ ಔಷಧ. ನನ್ನ ಅನ್ನವೂ ಆ ದಾರಿಯಲ್ಲೇ ಬಂದದ್ದು. ಇಂಥ ವ್ಯಾಪಾರಿ ಮನಸ್ಸಿನವರು 1859ರಲ್ಲಿ ಮಿಷನ್ನಿಗೆಂದೇ ಒಂದು ವ್ಯಾಪಾರ ಕಂಪನಿ ಕಟ್ಟಿದರು. ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ತೆರೆದದ್ದು 1865ರಲ್ಲಿ. ಮತಾಂತರವಾದವರು ಜಾತಿಯಿಂದ ಹೊರಬಿದ್ದು ಕೆಲಸವಿಲ್ಲದೆ ಕೂತಿದ್ದರು, ಅವರಿಗೆ ದುಡಿಮೆ ಬೇಕಿತ್ತು. ಮಿಷನ್ನಿನವರು ಬಂದದ್ದು ಮತ ಸಾರಲು, ಅದನ್ನು ಮುಚ್ಚಿಟ್ಟು ಹೊಗಳುವುದು ನನಗೆ ಸೇರುವುದಿಲ್ಲ. ನಿಘಂಟು ಉಳಿಯಿತು, ಹಂಚು ಉಳಿಯಿತು. ಅದನ್ನೂ ಮುಚ್ಚಿಡಬೇಕಾಗಿಲ್ಲ.

ಇಲ್ಲಿನ ಮಿಷನ್ನಿನಲ್ಲಿ ಹಳೆಯ ಪತ್ರಗಳ, ಫೋಟೋಗಳ ಭಂಡಾರವಿದೆ. ಫೋಟೋಗಳು ಇಂಟರ್‌ನೆಟ್‌ನಲ್ಲೂ ಸಿಗುತ್ತವೆ, ಊರಿನಲ್ಲಿ ಕೂತೇ ಹುಡುಕು. ಮೂಲ ಕಾಗದ ನೋಡಬೇಕಾದರೆ ಮುಂಚೆಯೇ ಬರೆದು ಕೇಳು, ಸುಮ್ನೆ ಹೋಗಿ ಬಾಗಿಲು ತಟ್ಟಬೇಡ. ಊರಿನವರಿಗೆ ಮಂಗಳೂರು ಗೊತ್ತುಂಟಾ ಅಂದರೆ, ಟ್ರಾಮಿನಲ್ಲಿ ಪಕ್ಕದವರನ್ನು ಕೇಳಿದರೆ ಭುಜ ಹಾರಿಸುತ್ತಾರೆ. ಭಂಡಾರದಲ್ಲಿ ಕೇಳಿದರೆ ನಿಮ್ಮೂರಿನ ಬಲ್ಮಠದ ಹೆಸರನ್ನೂ ಹೇಳುತ್ತಾರೆ.

ನಾವು ಮೊಟ್ಟೆಯನ್ನೂ ತಿನ್ನುವುದಿಲ್ಲ. ಊಟಕ್ಕೆ ಏನು ಮಾಡುವುದು? ಖರ್ಚು ಜಾಸ್ತಿಯಂತೆ, ನಿಜವೇ?
— ಗೃಹಿಣಿ, ಮೈಸೂರು

ನಿಜ, ಜಾಸ್ತಿಯೇ. ಒಂದು ಕಾಫಿಯ ಬೆಲೆಯನ್ನು ರೂಪಾಯಿಗೆ ಲೆಕ್ಕ ಹಾಕಿದರೆ ಕಾಫಿ ಗಂಟಲಲ್ಲಿ ಇಳಿಯುವುದಿಲ್ಲ. ಲೆಕ್ಕ ಹಾಕಬೇಡಿ.

ಇಲ್ಲಿನ ತಿಂಡಿಗಳಲ್ಲಿ ನಿಮಗೆ ಬಲೆಗಳಿವೆ. ಹುರಿದ ಹಿಟ್ಟಿನ ಸೂಪಿಗೆ ಹೆಚ್ಚಾಗಿ ಮಾಂಸದ ರಸ ಹಾಕುತ್ತಾರೆ. ವೇಯೆ ಅಂದರೆ ಹಿಟ್ಟಿನ ತಳದ ಮೇಲೆ ಹೂರಣ ಹರಡಿ ಬೇಯಿಸಿದ ತಿಂಡಿ. ಈರುಳ್ಳಿಯ ವೇಯೆಗೆ ಹಂದಿಮಾಂಸದ ಚೂರು, ಚೀಸಿನ ವೇಯೆಗೆ ಮೊಟ್ಟೆ. ಚೀಸ್ ಕರಗಿಸಿ ಮಾಡುವ ಫಾಂಡ್ಯುನಲ್ಲಿ ವೈನ್ ಇರುತ್ತದೆ. ಲೆಕ್ಕರ್ಲಿ ಎಂಬ ಊರಿನ ಬಿಸ್ಕತ್ತು ತುಂಬ ಚೆನ್ನ. ಜೇನು, ಬಾದಾಮಿ, ದಾಲ್ಚಿನ್ನಿ, ಲವಂಗ ಎಲ್ಲ ಇದೆ, ಆದರೆ ಚೆರ್ರಿಯ ಮದ್ಯವೂ ಇದೆ. ರೋಶ್ಟಿ ಕೇಳಿ. ಆಲೂಗಡ್ಡೆ ತುರಿದು ಹುರಿದದ್ದು. ಮಾಂಸ ಬೇಡ, ಮೊಟ್ಟೆ ಬೇಡ ಎಂದು ಮುಂಚೆಯೇ ಹೇಳಿಬಿಡಿ. ಅಡುಗೆಮನೆ ಇರುವ ಕೋಣೆ ಹಿಡಿದು, ಅವಲಕ್ಕಿ, ಪುಳಿಯೋಗರೆ ಗೊಜ್ಜು ತಂದರೆ ಎಲ್ಲಕ್ಕಿಂತ ಕ್ಷೇಮ.

ನೀರಿಗೆ ಮಾತ್ರ ಕಾಸು ಕೊಡಬೇಡಿ. ಬೀದಿಬೀದಿಯಲ್ಲಿ ಕಾರಂಜಿಗಳಿವೆ. ಕುಡಿಯಬೇಡಿ ಎಂದು ಬೋರ್ಡು ಇಲ್ಲದಿದ್ದರೆ ಬಾಟಲಿ ತುಂಬಿಸಿಕೊಳ್ಳಿ. ಹೋಟೆಲಿನಲ್ಲಿ ತಂಗಿದವರಿಗೆ ಬಾಸೆಲ್‌ಕಾರ್ಡ್ ಕೊಡುತ್ತಾರೆ. ಟ್ರಾಮ್, ಬಸ್ಸು ಪುಕ್ಕಟೆ, ಮ್ಯೂಸಿಯಂಗೆ ರಿಯಾಯಿತಿ. ಭಾನುವಾರ ಅಂಗಡಿಗಳು ಮುಚ್ಚಿರುತ್ತವೆ, ಶನಿವಾರವೇ ಹಾಲು ತಂದಿಡಿ. ಇಲ್ಲಿನವರೇ ಸಾಮಾನಿಗೆ 8ನೇ ಟ್ರಾಮ್ ಹತ್ತಿ ಗಡಿಯಾಚೆ ಜರ್ಮನಿಯ ವೈಲ್‌ಗೆ ಹೋಗುತ್ತಾರೆ. ಅಲ್ಲಿ ಅಗ್ಗ. ದೇಶ ಬಿಟ್ಟು ದೇಶಕ್ಕೆ ಟ್ರಾಮಿನಲ್ಲಿ ತರಕಾರಿ ಚೀಲ ಹಿಡಿದು ಹೋಗುವುದು, ಮಜಾ ಅಲ್ವಾ?

ಯಾವ ತಿಂಗಳು ಒಳ್ಳೇದು? ನದಿಯಲ್ಲಿ ಈಜ್ತಾರೆ ಅಂತ ಕೇಳಿದೀನಿ, ನಿಜಾನಾ?
— ಓದುಗರು, ಶಿರಸಿ

ಈಜಬೇಕೆಂದಿದ್ದರೆ ಆಗಸ್ಟ್. ಆಫೀಸು ಮುಗಿಸಿದವರು ಬಟ್ಟೆ, ಫೋನು ಎಲ್ಲವನ್ನೂ ಮೀನಿನಾಕಾರದ ನೀರು ಹೋಗದ ಚೀಲದಲ್ಲಿ ಕಟ್ಟಿ, ಅದನ್ನೇ ತಬ್ಬಿಕೊಂಡು ತೇಲುತ್ತಾ ಹೋಗುತ್ತಾರೆ. ಚಿಕ್ಕ ಬಾಸೆಲ್‌ನ ದಡದ ಕಡೆಯೇ ಇರಿ. ಮಧ್ಯದಲ್ಲಿ ಸರಕಿನ ಹಡಗುಗಳು ಓಡಾಡುತ್ತವೆ. ಈಜು ಚೆನ್ನಾಗಿ ಬಾರದವರು ದಡದಲ್ಲಿ ಕೂತು ನೋಡಿ. ಅಘನಾಶಿನಿಯಲ್ಲಿ ಈಜಿದವನು ಎಂಬ ಧೈರ್ಯ ಇಲ್ಲಿ ನಡೆಯದು, ಸೆಳವು ಜೋರಾಗಿದೆ.

ಚಳಿ ತಡೆಯುವವರಾದರೆ ಫಾಸ್ನಾಖ್ಟ್ ಎಂಬ ಮುಖವಾಡದ ಹಬ್ಬಕ್ಕೆ ಬನ್ನಿ, ಫೆಬ್ರವರಿಯಲ್ಲೋ ಮಾರ್ಚ್‌ನಲ್ಲೋ ಬರುತ್ತದೆ. ಸೋಮವಾರ ಬೆಳಗಿನ ಜಾವ ನಾಲ್ಕಕ್ಕೆ ಹಳೆಯ ಊರಿನ ದೀಪಗಳೆಲ್ಲ ಆರುತ್ತವೆ. ಕೊಳಲು, ನಗಾರಿ, ಮುಖವಾಡ, ಲಾಟೀನು. ಮೂರು ದಿನ ನಿದ್ದೆ ಇಲ್ಲ. ನನ್ನನ್ನು ಕೇಳಿದರೆ ಅಕ್ಟೋಬರ್ ಕೊನೆಯ ಜಾತ್ರೆಯೇ ವಾಸಿ. 1471ರಲ್ಲಿ ಚಕ್ರವರ್ತಿ ಮೂರನೇ ಫ್ರೆಡ್ರಿಕ್ ಅನುಮತಿ ಕೊಟ್ಟು ಶುರುವಾದದ್ದು. ಮಧ್ಯಾಹ್ನ ಹನ್ನೆರಡಕ್ಕೆ ಸೇಂಟ್ ಮಾರ್ಟಿನ್ ಚರ್ಚಿನ ಗಂಟೆ ಬಾರಿಸಿದರೆ ಜಾತ್ರೆ ಆರಂಭ. ಬಾರಿಸುವವರಿಗೆ ಕೂಲಿ ಒಂದು ಜೊತೆ ಕೈಗವಸು. ಆದರೆ ಅವತ್ತು ಕೊಡುವುದು ಎಡಗೈಯದು ಮಾತ್ರ. ಬಲಗೈಯದು ಬೇಕೆಂದರೆ ಜಾತ್ರೆ ಮುಗಿದಾಗ ಮತ್ತೆ ಬಂದು ಗಂಟೆ ಹೊಡೆಯಬೇಕು. ವ್ಯಾಪಾರಿಗಳ ಊರು ನೋಡಿ, ಮುಂಗಡ ಎಷ್ಟು ಕೊಡಬೇಕೋ ಅಷ್ಟೇ.

ಬಾಸೆಲ್ ವಿಮಾನ ನಿಲ್ದಾಣ ಫ್ರಾನ್ಸ್‌ನಲ್ಲಿದೆಯಂತೆ. ಎರಡು ವೀಸಾ ಬೇಕೇ?
— ಓದುಗರು, ಹುಬ್ಬಳ್ಳಿ

ಬೇಡ, ಎರಡೂ ದೇಶಗಳಿಗೆ ನಡೆಯುವ ಒಂದು ಷೆಂಗೆನ್ ವೀಸಾ ಸಾಕು. ನಿಲ್ದಾಣ ಇರುವುದು ಫ್ರಾನ್ಸಿನ ನೆಲದಲ್ಲೇ. ಹೊರಬರುವಾಗ ಸ್ವಿಸ್ ಕಡೆಗೆ ಒಂದು ಬಾಗಿಲು, ಫ್ರೆಂಚ್ ಕಡೆಗೆ ಒಂದು ಬಾಗಿಲು. ಸ್ವಿಸ್ ಬಾಗಿಲಿನಿಂದ ಬಂದು 50ನೇ ನಂಬರಿನ ಬಸ್ಸು ಹಿಡಿಯಿರಿ, ಸೀದಾ ರೈಲ್ವೆ ಸ್ಟೇಷನ್ನಿಗೆ ಬಿಡುತ್ತದೆ. ಟ್ಯಾಕ್ಸಿ ಬೇಡ.