ಹತ್ತು-ಹನ್ನೆರಡು ಜನರ ಸಂದರ್ಶನದಿಂದ ನರ್ಸಿಂಗ್ ಪ್ರಬಂಧ ಆಗುತ್ತದೆಯೇ?

ಆಗುತ್ತದೆ, ನಿಮ್ಮ ಪ್ರಶ್ನೆ ಅನುಭವದ ಬಗ್ಗೆ ಇದ್ದರೆ. ಸ್ತನ ತೆಗೆಸಿಕೊಂಡ ಮಹಿಳೆಗೆ ಕನ್ನಡಿ ಮುಂದೆ ನಿಂತಾಗ ಏನನ್ನಿಸುತ್ತದೆ ಎಂದು ತಿಳಿಯಲು ಎಷ್ಟು ಜನ ಬೇಕೆಂದು ಲೆಕ್ಕ ಹಾಕುವ ಸ್ಯಾಂಪಲ್ ಸೈಜ್ ಸೂತ್ರ ಕೆಲಸಕ್ಕೆ ಬಾರದು. ಹೊಸ ಸಂದರ್ಶನದಲ್ಲಿ ಹೊಸದೇನೂ ಹೊರಡದಿದ್ದಾಗ ನಿಲ್ಲಿಸುತ್ತಾರೆ. ಘಾನಾ, ನೈಜೀರಿಯಾದ ಮಹಿಳೆಯರ 60 ಸಂದರ್ಶನಗಳನ್ನು ಪರಿಶೀಲಿಸಿದ 2006ರ ಅಧ್ಯಯನವೊಂದರಲ್ಲಿ ಬಹುತೇಕ ವಿಷಯಗಳು ಮೊದಲ 12ರಲ್ಲೇ ಸಿಕ್ಕಿದ್ದವು. ಹಾಗಂತ 12ನ್ನೇ ನಿಯಮ ಮಾಡಿಕೊಳ್ಳಬೇಡಿ. ಅಲ್ಲಿದ್ದವರು ಹೆಚ್ಚುಕಡಿಮೆ ಒಂದೇ ಬಗೆಯವರು.

ನನ್ನ ಪ್ರಕಾರ ದೊಡ್ಡ ತೊಡಕು ಬೇರೆ. ನೀವು ಅದೇ ವಾರ್ಡಿನ ನರ್ಸ್ ಆಗಿದ್ದರೆ ರೋಗಿ ನಿಮ್ಮೆದುರು ದೂರುವುದಿಲ್ಲ, ‘ಎಲ್ಲ ಚೆನ್ನಾಗಿತ್ತು ಸಿಸ್ಟರ್’ ಅಂತಾರೆ. ಡಿಸ್ಚಾರ್ಜ್ ಆದಮೇಲೆ ಮಾತಾಡಿಸಿ, ಸಾಧ್ಯವಾದರೆ ಬೇರೆಯವರಿಂದ. ಕನ್ನಡದಲ್ಲಿ ಹೇಳಿದ್ದನ್ನು ಕನ್ನಡದಲ್ಲೇ ಬರೆದಿಟ್ಟು ಕೋಡಿಂಗ್ ಮಾಡಿ, ಅಂದರೆ ಮಾತಿನ ತುಣುಕುಗಳಿಗೆ ವಿಷಯವಾರು ಹೆಸರು ಕೊಟ್ಟು ವಿಂಗಡಿಸಿ. ಇಂಗ್ಲಿಷಿಗೆ ತರುವುದು ಕೊನೆಗೆ, ಪ್ರಬಂಧದಲ್ಲಿ ಉಲ್ಲೇಖಿಸುವ ಮಾತುಗಳನ್ನಷ್ಟೇ.